235 ಟೈರು, 8 ಇಂಚಿನ ಡಿಸ್ಕು: ಪಿಕಪ್‌ಗೆ ಹಾಕಿ ಎರಡು ವರ್ಷ ಓಡಿಸಿದ್ಮೇಲೆ

ಚಿತ್ರದುರ್ಗದ ಹತ್ರ ಹಳ್ಳಿ ನಮ್ದು. ಪಿಕಪ್ಪಲ್ಲಿ ಸೀಸನ್ ಬಂದ್ರೆ ಈರುಳ್ಳಿ, ಇಲ್ಲಾಂದ್ರೆ ಮೆಕ್ಕೆಜೋಳ, ಮೇವು, ಏನು ಬಾಡಿಗೆ ಸಿಕ್ಕುತ್ತೋ ಅದು. ಗಾಡಿ ಜೊತೆ ಬಂದಿದ್ದು 215/75 ಆರ್15 ಟೈರು, ಅಂದ್ರೆ 215 ಎಂಎಂ ಅಗಲ, ಪಕ್ಕದ ಗೋಡೆ ಎತ್ತರ ಅದರ 75 ಪರ್ಸೆಂಟ್, 15 ಇಂಚು ವ್ಯಾಸದ ಡಿಸ್ಕಿಗೆ ಕೂರೋದು. ಡಿಸ್ಕು ಅಂದ್ರೆ ಟೈರು ಕೂರೋ ರಿಮ್ಮು, ಕಬ್ಬಿಣದ್ದು, 6 ಇಂಚು ಅಗಲ. ಅವು ಸವೆದಾಗ ತಮ್ಮ ದಪ್ಪ ಟೈರು ಹಾಕ್ಸಣ್ಣ ಅಂತ ಗಂಟುಬಿದ್ದ, ನನಗೂ ಆಸೆ ಇತ್ತು, 235/75 ಆರ್15 ಹಾಕ್ಸಿ ಅದರ ಜೊತೆಗೇ 8 ಇಂಚಿನ ಅಲಾಯ್ ನಾಲ್ಕೂ ತಗೊಂಡೆ. ಡಿಸ್ಕಿಗೇ 34 ಸಾವಿರ ಹೋಯ್ತು, ಒಂದು ಸೀಸನ್ನಿನ ಉಳಿತಾಯ ಅದು.

ಮೊದಲ ವಾರ ಬಾಳ ಖುಷಿ. ಗಾಡಿ ಕಾಲು ಅಗಲಿಸಿಕೊಂಡು ನಿಂತಂಗೆ ಕಾಣ್ತಿತ್ತು, ಟೈರಿನ ಎತ್ತರ 703 ಎಂಎಂನಿಂದ 733ಕ್ಕೆ ಏರಿದ್ರಿಂದ ಗಾಡಿ ನೆಲದಿಂದ 15 ಎಂಎಂ ಮೇಲೆದ್ದಿತ್ತು, ಹೊಲದ ಬದು ದಾಟೋವಾಗ ಅಡಿಗೆ ತಾಗೋದು ನಿಂತ್ಹೋಯ್ತು.

ಆಮೇಲೆ ಶುರುವಾಯ್ತು ನೋಡಿ. ದಾವಣಗೆರೆ ಎಪಿಎಂಸಿ ಒಳಗೆ ಲೋಡ್ ಇಟ್ಕೊಂಡು ರಿವರ್ಸ್ ತಗೊಳ್ಳೋವಾಗ ಸ್ಟೇರಿಂಗ್ ಫುಲ್ ತಿರುಗಿಸಿದ್ರೆ ಟೈರಿನ ಭುಜ ಮಡ್‌ಗಾರ್ಡಿಗೆ ಗರ್ ಅಂತ ಉಜ್ಜೋದು. ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿದ್ರಂತೂ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ಮಧ್ಯ ಮೆತ್ತಿಕೊಂಡು ಚಕ್ರನೇ ಹಿಡ್ಕೊಳ್ಳೋದು, ಕುಡುಗೋಲು ಹಿಡ್ಕೊಂಡು ಕೂತು ಕೆರೀಬೇಕು. ಮಣ್ಣಿನ ದಾರಿಯ ಜಾಡಿಗೆ ಬಿದ್ರೆ ಸ್ಟೇರಿಂಗ್ ಕೈಯಿಂದ ಕಿತ್ಕೊಂಡಂಗೆ ಎಳೆಯೋದು. 20 ಸಾವಿರ ಕಿಲೋಮೀಟರ್‌ಗೆ ಮುಂದಿನ ಎಡಗಡೆ ಬೇರಿಂಗ್ ಕೂಗೋಕೆ ಶುರು. ಟೈರು ಮಾರಿದವರ ಮೇಲೆ ಬಾಳ ಸಿಟ್ಟು ಬಂದಿತ್ತು ನನಗೆ.

ನಮ್ಮೂರ ರೋಡಿನ ಪಂಕ್ಚರ್ ಅಂಗಡಿ ಅಜ್ಜ ಒಂದಿನ ಗಾಡಿ ಸುತ್ತ ಒಂದು ರೌಂಡ್ ಹಾಕಿ, "ಟೈರಿಂದೇನೂ ತಪ್ಪಿಲ್ಲ ಕಣಪ್ಪ, ಡಿಸ್ಕು ನೋಡು" ಅಂದ್ರು. ಟೇಪ್ ಹಿಡಿದ್ರೆ ಟೈರಿನ ಹೊಟ್ಟೆ ಹತ್ರ ಹತ್ರ 25 ಸೆಂಟಿಮೀಟರ್! 235 ಅಂದ್ರೆ 23.5 ಇರಬೇಕಲ್ಲ ಅಂತ ನಾನು. ಆ 235 ಅನ್ನೋ ಅಳತೆ ಆರೂವರೆ ಇಂಚಿನ ಡಿಸ್ಕಿನ ಮೇಲೆ ಕೂರಿಸಿ ಅಳೆದಿದ್ದು, ಡಿಸ್ಕು ಅರ್ಧ ಇಂಚು ಅಗಲ ಆದಂಗೆಲ್ಲ ಟೈರು 5 ಎಂಎಂ ಆಸುಪಾಸು ಅಗಲಿಸ್ತದೆ. ಈ ಸೈಜಿಗೆ 6ರಿಂದ 8 ಇಂಚಿನವರೆಗೂ ನಡೀತದೆ, ನಂದು ಕಡೇ ತುದಿ. ಅದರ ಮೇಲೆ ಆಫ್‌ಸೆಟ್ ಬೇರೆ: ಡಿಸ್ಕಿನ ನಡುಗೆರೆಗೂ ಅದು ಹಬ್ಬಿಗೆ (ಚಕ್ರ ಬೋಲ್ಟ್ ಮಾಡೋ ಆಕ್ಸಲ್ ತುದಿಗೆ) ಕೂರೋ ಮುಖಕ್ಕೂ ಎಷ್ಟು ಅಂತರ ಅನ್ನೋ ಲೆಕ್ಕ ಅದು. ನನ್ನ ಅಲಾಯ್ ಮೈನಸ್ಸಿನವು, ಅಂದ್ರೆ ಚಕ್ರ ಪೂರ್ತಿ ಹೊರಗೆ ತಳ್ಳಿ ನಿಂತಿತ್ತು, ಭಾರ ಎಲ್ಲ ಬೇರಿಂಗ್ ಮೇಲೆ. ಅಂಗಡಿಯಲ್ಲಿ ಡಿಸೈನು, ಕಲರ್ ಅಷ್ಟೇ ತೋರಿಸಿದ್ರು, ಈ ನಂಬರ್ ಬಗ್ಗೆ ಒಂದು ಮಾತೂ ಇಲ್ಲ. ಅದೇ ನನಗೆ ಇವತ್ತಿಗೂ ಬೇಜಾರು.

ಅಟ್ಟದಲ್ಲಿದ್ದ ಹಳೇ 6 ಇಂಚಿನ ಡಿಸ್ಕು ಇಳಿಸಿ, ತುಕ್ಕು ತಿಕ್ಕಿ, ಪೇಂಟ್ ಹೊಡ್ದು, ಅದೇ 235 ಟೈರುಗಳನ್ನೇ ಅದಕ್ಕೆ ಏರಿಸಿದ್ವಿ. ಟೇಪ್ ಹಿಡಿದ್ರೆ 23! ಉಜ್ಜೋದು ಬಂದ್, ಸ್ಟೇರಿಂಗ್ ಹಗುರ, ಬಾಗಿಲಿಗೆ ಕೆಸರು ಹಾರೋದೂ ಬಾಳ ಕಮ್ಮಿ. ಇಷ್ಟು ದಿನ ಬೈಕೊಂಡು ಓಡಿಸಿದ್ದ ಟೈರು ಇಷ್ಟು ಚೆನ್ನಾಗೈತೆ ಅಂತ ಅವತ್ತೇ ಗೊತ್ತಾಗಿದ್ದು. ಅಲಾಯ್ 15 ಸಾವಿರಕ್ಕೆ ಕೊಟ್ಬಿಟ್ಟೆ.

ಮೈಲೇಜ್ ಬಗ್ಗೆ ಒಂದು ಮಾತು. 14 ಕೊಡ್ತಿದ್ದಿದ್ದು 12.5 ಆಯ್ತು ಅಂತ ತಲೆಬಿಸಿ ಮಾಡ್ಕೊಂಡಿದ್ದೆ. ಹೈವೇಲಿ ಕಿಲೋಮೀಟರ್ ಕಲ್ಲು ನೋಡ್ಕೊಂಡು 50 ಕಿಲೋಮೀಟರ್ ಓಡಿಸಿದ್ರೆ ನನ್ನ ಮೀಟರಲ್ಲಿ 48. ಟೈರಿನ ಸುತ್ತಳತೆ ನಾಲ್ಕು ಪರ್ಸೆಂಟ್ ಜಾಸ್ತಿ ಆದ್ರಿಂದ ಮೀಟರ್ ಕಮ್ಮಿ ತೋರಿಸ್ತದೆ, ಅಂದ್ರೆ ನಿಜವಾದ ಮೈಲೇಜ್ 13. ಸ್ಪೀಡೂ ಅಷ್ಟೇ, ಮುಳ್ಳು 60ರಲ್ಲಿದ್ರೆ ಗಾಡಿ 62ರ ಮೇಲೆ. ಲೋಡಲ್ಲಿ ಏರು ಹತ್ತೋವಾಗ ಒಂದು ಗೇರ್ ಬೇಗ ಇಳಿಸಬೇಕಾಗ್ತದೆ, ಅದೊಂದು ಇದ್ದೇ ಐತೆ.

ಈಗ ದಿನಾ ಬೆಳಿಗ್ಗೆ ಟೀ ಕುಡಿಯೋ ಮುಂಚೆ, ರಬ್ಬರ್ ಇನ್ನೂ ತಣ್ಣಗಿರೋವಾಗ್ಲೇ ಗೇಜ್ ಹಿಡಿದು ಗಾಳಿ ನೋಡ್ತೀನಿ. ಸ್ಕ್ರೂಡ್ರೈವರ್ ತಗೊಂಡು ಟೈರಿನ ಬಟನ್ (ಉಬ್ಬು ರಬ್ಬರ್ ತುಂಡು) ಮಧ್ಯ ಸಿಕ್ಕಿರೋ ಕಲ್ಲು ಒಂದೊಂದೇ ಕೀಳ್ತೀನಿ, ಟಕ್ ಅಂತ ಅಂಗಳಕ್ಕೆ ಹಾರ್ತವೆ, ಮಗಳು ಎಣಿಸ್ತಾಳೆ. ತಿಂಗಳಿಗೊಂದ್ಸಲ ಬೆಂಕಿಕಡ್ಡಿ ಮಧ್ಯದ ಗೆರೆಗೆ ಇಳಿಸಿ ಉಗುರಲ್ಲಿ ಗುರುತು ಮಾಡಿ, ಅದೇ ಕಡ್ಡಿ ಅಂಚಿನ ಗೆರೆಗೂ ಇಳಿಸ್ತೀನಿ. ಸಣ್ಣ ಡಿಸ್ಕಿನ ಮೇಲೆ ಅಗಲ ಟೈರು ನಡುವೆ ಉಬ್ಬಿ ಕೂರ್ತದೆ, ಖಾಲಿ ಗಾಡಿಗೆ ಲೋಡಿನ ಗಾಳಿ ಹಂಗೇ ಬಿಟ್ರೆ ಮಧ್ಯ ಬೇಗ ಸವೀತದೆ. ಇಲ್ಲಿವರೆಗೆ 41 ಸಾವಿರ ಓಡೈತೆ, ಎರಡೂ ಕಡೆ ಗುರುತು ಸಮ ಐತೆ.

ತಗೊಳ್ಳೋರು ಟೈರಿನ ಪಕ್ಕದಲ್ಲಿ ಬರೆದಿರೋ ಲೋಡ್ ನಂಬರ್ ತಪ್ಪದೆ ಓದಿ. 100 ಅಂದ್ರೆ ಒಂದು ಟೈರಿಗೆ 800 ಕೆಜಿ, 104 ಅಂದ್ರೆ 900. ಇದೇ 235/75 ಸೈಜು ಜೀಪು, ಕಾರಿಗೂ ಬರ್ತದೆ, ರೇಟ್ ಕಮ್ಮಿ ಅಂತ ಅದನ್ನ ತಂದು ಪಿಕಪ್‌ಗೆ ಹಾಕಿ ಈರುಳ್ಳಿ ಚೀಲ ಪೇರಿಸ್ಬೇಡಿ, ಹಿಂದಿನ ಆಕ್ಸಲ್ ಮೇಲೆ ಬೀಳೋ ಭಾರ ಲೆಕ್ಕ ಹಾಕಿ ಎಲ್‌ಟಿ (ಲೈಟ್ ಟ್ರಕ್, ಸಣ್ಣ ಲೋಡ್ ಗಾಡಿಯ) ಟೈರೇ ಕೇಳಿ ತಗೊಳ್ಳಿ.

ನಂದು ಸ್ಟೆಪ್ನಿ ಇನ್ನೂ ಹಳೇ 215. ಹೋದ ತಿಂಗಳು ಭರಮಸಾಗರದ ಹತ್ರ ಹಿಂದಿನ ಟೈರು ಪಂಕ್ಚರ್ ಆದಾಗ ಅದನ್ನೇ ಹಾಕ್ಕೊಂಡು ಬಂದೆ. ಎರಡು ಕಡೆ ಚಕ್ರ ಎತ್ತರದಲ್ಲಿ 3 ಸೆಂಟಿಮೀಟರ್ ವ್ಯತ್ಯಾಸ, ಎರಡು ಚಕ್ರ ಬೇರೆ ಬೇರೆ ಸ್ಪೀಡಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ಗೇರಿಗೆ ಸೀದಾ ರೋಡಲ್ಲೂ ಪುರುಸೊತ್ತಿಲ್ಲ, ಅದಕ್ಕೆ ಮೂವತ್ತರಲ್ಲೇ ಮೆಲ್ಲಗೆ ಪಂಕ್ಚರ್ ಅಂಗಡಿವರೆಗೆ ತಂದೆ. ಈ ಸಲದ ಈರುಳ್ಳಿ ದುಡ್ಡು ಬಂದ ತಕ್ಷಣ ಐದನೇದೂ 235 ತಗೊಳ್ತೀನಿ, 6 ಇಂಚಿನ ಡಿಸ್ಕಿಗೇ.