ಮೋಟರ್ ಆಮೇಲೆ, ಮೊದಲು ಸಲಾಕೆ: ಕೆಂಡದ ಮೇಲೆ ಮಾಂಸ ತಿರುಗಿಸುವ ಮೂರು ಸೆಟ್‌ಗಳ ವಿಮರ್ಶೆ

ಹೊಲದ ಬದುವಿನಲ್ಲಿ ಟೆಂಟ್ ಹಾಕಿ, ಇಡೀ ಕೋಳಿಯನ್ನೋ ಆಡಿನ ತೊಡೆಯನ್ನೋ ಕೆಂಡದ ಮೇಲೆ ತಿರುಗಿಸಿ ಸುಡಲು ಅಂಗಡಿಯಿಂದ ಸೆಟ್ ತರಬೇಕಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ವೆಲ್ಡಿಂಗ್ ಮಷಿನ್ ಇರುವ ಯಾವ ಶೆಡ್‌ನಲ್ಲಾದರೂ ಮಾಡಿಸಿಕೊಳ್ಳಬಹುದು. ಇಲ್ಲಿ ತೂಗಿ ನೋಡಿರುವುದು ಮೂರು: ಎರಡು ಕವಲುಗೂಟದ ಮೇಲೆ ಹಸಿ ಕೋಲು, ಕೈಯಿಂದ ತಿರುಗಿಸುವ ಸ್ಟೀಲ್ ಸಲಾಕೆ, 12 ವೋಲ್ಟ್ ಮೋಟರಿನ ಸೆಟ್. ತೀರ್ಪು ಮೊದಲೇ ಹೇಳಿಬಿಡುವುದಾದರೆ, ನಾಲ್ಕೈದು ಜನರ ಊಟಕ್ಕೆ ಎರಡನೆಯದೇ ಸಾಕು. ಮೋಟರ್ ಬೇಕಾಗುವುದು ಇಡೀ ಆಡು ಸುಡುವಾಗ ಮಾತ್ರ. ಮೋಟರಿಗೆಂದು ತೆಗೆದಿಟ್ಟ ಹಣದಲ್ಲಿ ಅರ್ಧವನ್ನು ಸಲಾಕೆಗೂ ಅದರ ಮೇಲೆ ಮಾಂಸ ಕಚ್ಚಿ ಹಿಡಿಯುವ ಫೋರ್ಕ್‌ಗಳಿಗೂ ಹಾಕಿ. ಸಲಾಕೆ ಸರಿಯಿಲ್ಲದಿದ್ದರೆ ಎಂಥ ಮೋಟರ್ ಕಟ್ಟಿದರೂ ಸಲಾಕೆಯಷ್ಟೇ ತಿರುಗುತ್ತದೆ, ಕೋಳಿ ಹೊಟ್ಟೆ ಕೆಳಗೆ ಮಾಡಿಕೊಂಡು ಅಲ್ಲೇ ಮಲಗಿರುತ್ತದೆ.

ಕವಲುಗೂಟದ ಸೆಟ್‌ಗೆ ಖರ್ಚಿಲ್ಲ, ಕೊಡಲಿಯೊಂದಿದ್ದರೆ ಆಯಿತು. 75 ಸೆಂ.ಮೀ ಉದ್ದದ ಎರಡು ಗೂಟ, ಅದರಲ್ಲಿ 25 ಸೆಂ.ಮೀ ನೆಲದೊಳಗೆ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಇದು ಗಟ್ಟಿಯಾಗಿ ನಿಲ್ಲುತ್ತದೆ. ಎರಿ (ಕಪ್ಪು ಮಣ್ಣಿನ) ಹೊಲದ ಮಾತೇ ಬೇರೆ: ಬೇಸಿಗೆಯಲ್ಲಿ ಬಿರುಕುಬಿಟ್ಟ ಎರಿಯಲ್ಲಿ ಗೂಟ ಅಲ್ಲಾಡುತ್ತದೆ, ಮಳೆ ಬಿದ್ದ ಮೇಲೆ ಕೈಯಿಂದ ಒತ್ತಿದರೆ ಇಳಿಯುತ್ತದೆ, ಭಾರ ಬಿದ್ದರೆ ವಾಲುತ್ತದೆ. ಅಲ್ಲಿ ಗೂಟದ ಬದಲು ಮೂರು ಕೋಲುಗಳನ್ನು ತುದಿಯಲ್ಲಿ ಕಟ್ಟಿ ಮುಕ್ಕಾಲಿ ನಿಲ್ಲಿಸುವುದೇ ಸರಿ. ಅಡ್ಡ ಕೋಲಿಗೆ ಹಸಿ ಪೇರಲ ಒಳ್ಳೆಯದು. ಹಸಿ ಬಿದಿರಾದರೆ ಪ್ರತಿ ಗೆಣ್ಣಿನ ನಡುವೆ ಒಂದು ತೂತು ಕೊರೆಯಿರಿ, ಇಲ್ಲವಾದರೆ ಒಳಗಿನ ಗಾಳಿ-ನೀರು ಕಾದು ಬಿದಿರು ಪಟಾಕಿಯಂತೆ ಸಿಡಿಯುತ್ತದೆ. ನೆಟ್ಟಗಿದೆ ಎಂದು ಕಣಗಿಲೆ ಕೋಲನ್ನಂತೂ ಮುಟ್ಟಬೇಡಿ, ಅದು ವಿಷ. ಕೋಲು ದುಂಡಗಿರುವುದರಿಂದ ಮಾಂಸ ಜಾರುತ್ತದೆ. ಕೋಳಿಯ ಎದೆ, ತೊಡೆಗಳ ಮೂಲಕ ಕೋಲಿಗೆ ಅಡ್ಡಲಾಗಿ ಎರಡು ಸಣ್ಣ ಕಡ್ಡಿ ತೂರಿಸಿದರೆ ಒಂದು ಮಟ್ಟಿಗೆ ಹಿಡಿತ ಸಿಗುತ್ತದೆ. ಎರಡು ಕಿಲೋ ದಾಟಿದ ಮಾಂಸಕ್ಕೆ ಈ ಸೆಟ್ ನಂಬಬಾರದು.

ಇನ್ನು ಕೈ ತಿರುಗಣೆಯ ಸೆಟ್. ಇದರ ಜೀವಾಳ 10 ಮಿ.ಮೀ ಚೌಕ ಸಲಾಕೆ, 304 ದರ್ಜೆಯ ಸ್ಟೇನ್‌ಲೆಸ್, 110 ಸೆಂ.ಮೀ ಉದ್ದ. ಚೌಕವೇ ಏಕೆಂದರೆ ಫೋರ್ಕಿನ ತೂತೂ ಚೌಕವಾಗಿದ್ದರೆ ಸ್ಕ್ರೂ ಸಡಿಲಾದರೂ ಫೋರ್ಕ್ ಸಲಾಕೆಯ ಸುತ್ತ ಜಾರುವುದಿಲ್ಲ. ಮೀಟರಿಗೆ 800 ಗ್ರಾಂ ಹತ್ತಿರ ತೂಗುತ್ತದೆ. ಸ್ಟೇನ್‌ಲೆಸ್ ಕಿಲೋ ಲೆಕ್ಕದಲ್ಲಿ ಮಾರುವುದರಿಂದ ಈ ತೂಕ ಗೊತ್ತಿದ್ದರೆ ಅಂಗಡಿಯಲ್ಲಿ ಚೌಕಾಸಿ ಸುಲಭ. 80 ಸೆಂ.ಮೀ ಅಂತರದ ಆಧಾರದ ಮೇಲೆ ಮೂರು ಕಿಲೋ ಮಾಂಸ ಹೇರಿದರೂ ಇದು ಬಾಗುವುದು ಒಂದರಿಂದ ಎರಡು ಮಿಲಿಮೀಟರ್, ಅಷ್ಟೆ.

ಚೌಕ ಸಲಾಕೆಗೆ ಒಂದೇ ದೋಷ: ಆಧಾರದ ಮೇಲೆ ತಿರುಗುವಾಗ ಮೂಲೆಗಳು ಟಕಟಕ ಎಂದು ಎತ್ತಿ ಹಾಕುತ್ತವೆ. ಅದಕ್ಕೆ ಎರಡೂ ತುದಿಗೆ ಅರ್ಧ ಇಂಚಿನ ಸ್ಟೇನ್‌ಲೆಸ್ ಪೈಪಿನ 4 ಸೆಂ.ಮೀ ತುಂಡು ತೂರಿಸಬೇಕು: ಹಿಡಿಕೆಯ ಬದಿಯದಕ್ಕೆ ಟ್ಯಾಕ್ ವೆಲ್ಡ್ (ಚುಕ್ಕಿ ಬೆಸುಗೆ), ಇನ್ನೊಂದಕ್ಕೆ ಬಿಚ್ಚುವ ಸ್ಕ್ರೂ, ಇಲ್ಲವಾದರೆ ಫೋರ್ಕ್ ಒಳಗೆ ತೂರುವುದಿಲ್ಲ. 10 ಮಿ.ಮೀ ಚೌಕದ ಕರ್ಣ 14 ಮಿ.ಮೀ ಇರುವುದರಿಂದ ಪೈಪಿನೊಳಗೆ ಸಲೀಸಾಗಿ ಕೂರುತ್ತದೆ. ವೆಲ್ಡರ್‌ಗೆ ಸ್ಟೇನ್‌ಲೆಸ್ ರಾಡನ್ನೇ, ಅಂದರೆ 308ಎಲ್ ಬಳಸಲು ಹೇಳಿ. ಗೇಟು-ಗ್ರಿಲ್ಲಿಗೆ ಬಳಸುವ ಸಾದಾ ರಾಡಿನಿಂದ ಬೆಸೆದರೆ ಸಲಾಕೆ ಹೊಳೆಯುತ್ತಲೇ ಇರುತ್ತದೆ, ಬೆಸುಗೆ ಮಾತ್ರ ತುಕ್ಕು ಹಿಡಿಯುತ್ತದೆ. ಬೇರಿಂಗ್ ಬೇಡವೇ ಬೇಡ. ಶಾಖಕ್ಕೆ ಗ್ರೀಸ್ ಕರಗಿ ಹರಿಯುತ್ತದೆ. ಆಂಗಲ್‌ನಲ್ಲಿ (ಎಲ್-ಆಕಾರದ ಕಬ್ಬಿಣದ ಪಟ್ಟಿ) ಕತ್ತರಿಸಿದ ವಿ-ಆಕಾರದ ಕಚ್ಚು, ಅದಕ್ಕೆ ಎರಡು ಹನಿ ಶೇಂಗಾ ಎಣ್ಣೆ, ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಕಾಲುಗಳಿಗೆ 25 × 25 × 3 ಮಿ.ಮೀ ಆಂಗಲ್, 80 ಸೆಂ.ಮೀಯ ನಾಲ್ಕು ತುಂಡು. ಪ್ರತಿ ಬದಿಗೆ ಎರಡನ್ನು ಮೇಲ್ತುದಿಯಲ್ಲಿ 8 ಮಿ.ಮೀ ಬೋಲ್ಟಿನಿಂದ ಕತ್ತರಿಯಂತೆ ಜೋಡಿಸಿದರೆ ಮಡಚಿ ಬೈಕಿಗೆ ಕಟ್ಟಬಹುದು. ಪ್ರತಿ ಬದಿಯ ಕತ್ತರಿಗೆ ಒಂದು ನೆಟ್ಟನೆಯ ಪಟ್ಟಿ ಕೂರಿಸಿ, ಅದರಲ್ಲಿ ನೆಲದಿಂದ 30, 40, 50 ಸೆಂ.ಮೀ ಎತ್ತರಕ್ಕೆ ಮೂರು ಕಚ್ಚು ಮಾಡಿಸಿ. ಉರಿ ಜೋರಾದಾಗ ಕೆಂಡ ಎಳೆಯುವುದಕ್ಕಿಂತ ಸಲಾಕೆ ಒಂದು ಕಚ್ಚು ಮೇಲೆ ಎತ್ತುವುದು ಸುಲಭ.

ಬಹಳ ಜನ ಮರೆಯುವುದು ಬೀಗವನ್ನು. ಹಿಡಿಕೆಗೂ ಒಂದು ಭಾರವಿದೆ, ಕೈ ಬಿಟ್ಟೊಡನೆ ಅದು ತಾನೇ ಕೆಳಗಿಳಿದು ಸಲಾಕೆಯನ್ನೂ ತಿರುಗಿಸಿಬಿಡುತ್ತದೆ. ಸಲಾಕೆಯ ತುದಿಗೆ ಹಳೆಯ ಸೈಕಲ್ಲಿನ ಹಲ್ಲುಚಕ್ರ ಬೆಸೆದು, ಕಾಲಿಗೊಂದು ಮಡಚುವ ಕೊಂಡಿ ಹಾಕಿಸಿದರೆ ಬೇಕಾದ ಕೋನಕ್ಕೆ ನಿಲ್ಲಿಸಬಹುದು. ಆಗ ಒಂದೇಸಮನೆ ತಿರುಗಿಸುತ್ತ ಕೂರಬೇಕಿಲ್ಲ, ಎರಡು-ಮೂರು ನಿಮಿಷಕ್ಕೊಮ್ಮೆ ಕಾಲು ಸುತ್ತು ಸಾಕು. 1.2 ಕಿಲೋ ಕೋಳಿ 75ರಿಂದ 90 ನಿಮಿಷದಲ್ಲಿ ಬೇಯುತ್ತದೆ. ಎಂದರೆ ಹೆಚ್ಚುಕಡಿಮೆ ಮೂವತ್ತೈದು ಸಲ ಕೈ ಹಾಕಬೇಕು. ಎರಡು ಕಿಲೋದ ಆಡಿನ ತೊಡೆಗೆ ಎರಡೂವರೆ ತಾಸು ಹಿಡಿಯಿರಿ.

ಕಬ್ಬಿಣದ ಬಗ್ಗೆ ಒಂದು ಮಾತು. ಮನೆ ಕಟ್ಟಿ ಉಳಿದ ಟಿಎಂಟಿ ಸರಳು ಬಳಸುವವರಿದ್ದಾರೆ. ಅದರ ಏಣುಗಳಲ್ಲಿ ಕೂತ ಕೊಬ್ಬು, ತುಕ್ಕು ತೊಳೆದರೆ ಹೋಗುವುದಿಲ್ಲ. ಜಿಐ ಪೈಪ್ ಇನ್ನೂ ಕೆಟ್ಟದ್ದು: ಮೇಲಿನ ಸತುವಿನ ಲೇಪ ನಿಂಬೆಹುಳಿಗೆ ಕರಗುತ್ತದೆ, ಕೆಂಡದೊಳಗೆ ಬಿದ್ದರೆ ಹೊಗೆಯಾಗಿ ಏಳುತ್ತದೆ, ಆ ಹೊಗೆ ಜ್ವರ ತರಿಸುತ್ತದೆ. ಕಟ್ಟಲು ಜಿಐ ಬೈಂಡಿಂಗ್ ತಂತಿಯೂ ಬೇಡ, ಪ್ಲಾಸ್ಟಿಕ್ ಸುತಳಿಯೂ ಬೇಡ. ನೀರಲ್ಲಿ ನೆನೆಸಿದ ಹತ್ತಿಯ ದಾರ ಕೋಳಿಗೆ, ತೆಳು ಸ್ಟೇನ್‌ಲೆಸ್ ತಂತಿ ದೊಡ್ಡ ಮಾಂಸಕ್ಕೆ.

ಮೂರನೆಯದು ಮೋಟರ್. ಗುಜರಿಯಲ್ಲಿ ಸಿಗುವ ಕಾರಿನ ವೈಪರ್ ಮೋಟರನ್ನೇ ಎಲ್ಲರೂ ಹುಡುಕುತ್ತಾರೆ. ಬಲಕ್ಕೆ ಕೊರತೆಯಿಲ್ಲ, ವೇಗವೇ ತೊಂದರೆ. ಕಡಿಮೆ ವೇಗದಲ್ಲೂ ನಿಮಿಷಕ್ಕೆ 40-45 ಸುತ್ತು ಹೊಡೆಯುತ್ತದೆ, ಮಾಂಸಕ್ಕೆ ಬೇಕಾದದ್ದು 3ರಿಂದ 6. ಮೋಟರಿಗೆ 18 ಹಲ್ಲಿನ ಫ್ರೀವೀಲ್ (ಸೈಕಲ್ಲಿನ ಹಿಂಗಾಲಿಯ, ಒಂದೇ ದಿಕ್ಕಿಗೆ ಹಿಡಿಯುವ ಹಲ್ಲುಚಕ್ರ), ಸಲಾಕೆಗೆ 44 ಹಲ್ಲಿನ ಚಕ್ರ ಹಾಕಿ ಸೈಕಲ್ ಚೈನ್ ಎಳೆದರೆ 18 ಸುತ್ತಿಗೆ ಇಳಿಯುತ್ತದೆ. ಆಮೇಲೆ ಕರೆಂಟನ್ನು ತುಂಡುತುಂಡಾಗಿ ಬಿಟ್ಟು ವೇಗ ತಗ್ಗಿಸುವ ಪಿಡಬ್ಲ್ಯೂಎಂ ಸ್ಪೀಡ್ ಕಂಟ್ರೋಲರ್‌ನಿಂದ ಅರ್ಧಕ್ಕೆ ಇಳಿಸಿದರೆ 9. ಇದಕ್ಕಿಂತ ಕಡಿಮೆ ಮಾಡಲು ಹೋದರೆ ಮೋಟರ್ ಎಳೆಯಲಾರದೆ ಕಾಯತೊಡಗುತ್ತದೆ. ಜೊತೆಗೆ ಫ್ರೀವೀಲಿನ ಒಳ-ಹೊರ ಭಾಗಗಳನ್ನು ಬೆಸೆದು ಒಂದೇ ಗಟ್ಟಿ ಮಾಡಿಸಲೇಬೇಕು. ಬಿಟ್ಟರೆ ಮಾಂಸದ ಭಾರದ ಬದಿ ಮೇಲೆ ಬಂದು ದಾಟಿದ ತಕ್ಷಣ ಫ್ರೀವೀಲ್ ಕೈಬಿಡುತ್ತದೆ, ಮಾಂಸ ಧೊಪ್ಪನೆ ಕೆಳಗೆ ಹೊರಳುತ್ತದೆ. ಸುತ್ತಿಗೊಮ್ಮೆ ಹೀಗೆ ಏಟು ಬಿದ್ದರೆ ತಾಸಿನೊಳಗೆ ಕಟ್ಟುಗಳೆಲ್ಲ ಸಡಿಲ. ಹಲವು ವೈಪರ್ ಮೋಟರ್‌ಗಳಲ್ಲಿ ಬಾಡಿಯೇ ನೆಗೆಟಿವ್ ಆಗಿರುತ್ತದೆ. ಕಬ್ಬಿಣದ ಚೌಕಟ್ಟಿಗೆ ಬಿಗಿದ ಮೇಲೆ ಪಾಸಿಟಿವ್ ತಂತಿ ಎಲ್ಲಿ ಸುಲಿದು ತಾಗಿದರೂ ಶಾರ್ಟ್, ಆದ್ದರಿಂದ ಬ್ಯಾಟರಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಹಾಕಿ. ಮೋಟರ್ 2ರಿಂದ 4 ಆಂಪಿಯರ್ ಕುಡಿಯುವುದರಿಂದ ಯುಪಿಎಸ್‌ನ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎರಡು ತಾಸಿಗೇ ಸುಸ್ತಾಗುತ್ತದೆ. ಆಡಿಗೆ ಬೇಕಾದ್ದು ನಾಲ್ಕೈದು ತಾಸು.

ಅದಕ್ಕಿಂತ ನಿಮಿಷಕ್ಕೆ 3ರಿಂದ 6 ಸುತ್ತಿನ, ಲೋಹದ ಗೇರಿರುವ 12 ವೋಲ್ಟ್ ಗೇರ್ ಮೋಟರ್ ಮೇಲು. ಚೈನೂ ಬೇಡ, ಹಲ್ಲುಚಕ್ರವೂ ಬೇಡ. ಒಂದು ಆಂಪಿಯರಿಗಿಂತ ಕಡಿಮೆ ಎಳೆಯುವಂಥದ್ದನ್ನು ಆರಿಸಿದರೆ ಅದೇ ಬ್ಯಾಟರಿ ಇಡೀ ಸಂಜೆ ಬರುತ್ತದೆ. ಇದರ ಶಾಫ್ಟ್ ಬರೀ 6 ಮಿ.ಮೀ. ಮಾಂಸದ ಭಾರ ಅದರ ಮೇಲೆ ಬೀಳಲೇಬಾರದು, ಸಲಾಕೆ ವಿ-ಕಚ್ಚಿನಲ್ಲೇ ಕೂತಿರಬೇಕು, ಮೋಟರ್ ತುದಿಗೆ ಸುಮ್ಮನೆ ನೇತಾಡುತ್ತಿರಬೇಕು, ಮೋಟರ್ ತಾನೇ ತಿರುಗದಂತೆ ಒಂದು ಪಟ್ಟಿ ಕಾಲಿಗೆ ಒರಗಿದ್ದರೆ ಸಾಕು. ಬಿಗಿಯಾಗಿ ಬೋಲ್ಟ್ ಹಾಕಿ ಕೂರಿಸಿದ ಸೆಟ್‌ಗಳಲ್ಲಿ ಸಲಾಕೆ ಚೂರು ಸೊಟ್ಟಗಿದ್ದರೂ ಗೇರ್ ಬಾಕ್ಸ್ ಒಡೆಯುತ್ತದೆ.

ಮೋಟರಿನ ಬಲವನ್ನು ಕೆಜಿ-ಸೆಂ.ಮೀ ಲೆಕ್ಕದಲ್ಲಿ ಬರೆದಿರುತ್ತಾರೆ. ನಿಮಗೆಷ್ಟು ಬೇಕೆಂದು ನೀವೇ ಲೆಕ್ಕ ಹಾಕಬಹುದು: 10 ಕಿಲೋ ಆಡಿನ ಭಾರದ ನಡು ಸಲಾಕೆಯಿಂದ 3 ಸೆಂ.ಮೀ ಆಚೆ ಇದ್ದರೆ 30 ಕೆಜಿ-ಸೆಂ.ಮೀ. ಆದರೆ ದೊಡ್ಡ ಮೋಟರ್ ಕೊಳ್ಳುವ ಮೊದಲು ಸಮತೋಲ ಮಾಡಿ. ಮಾಂಸ ಕಟ್ಟಿದ ಸಲಾಕೆಯನ್ನು ಮೋಟರಿಲ್ಲದೆ ಕಚ್ಚಿನ ಮೇಲಿಟ್ಟು ಬಿಡಿ, ಭಾರದ ಬದಿ ತಾನೇ ಕೆಳಗೆ ಬಂದು ನಿಲ್ಲುತ್ತದೆ. ಅದರ ನೇರ ಎದುರಿಗೆ, ಉರಿಯಿಂದ ಹೊರಗೆ, ಸಲಾಕೆಗೆ ಬಿಗಿದ 20 ಸೆಂ.ಮೀ ತೋಳಿನ ತುದಿಗೆ ಒಂದೂವರೆ ಕಿಲೋ ಕಬ್ಬಿಣ ಕಟ್ಟಿದರೆ ಮೇಲಿನ ಲೆಕ್ಕ ಸೊನ್ನೆಯಾಗುತ್ತದೆ. ಆಗ ಬೆರಳಿಂದ ತಳ್ಳಿದರೂ ತಿರುಗಬೇಕು, ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲಬೇಕು.

ಇಡೀ ಆಡಿಗೆ 10 ಮಿ.ಮೀ ಸಲಾಕೆ ಸಾಲದು. 1.2 ಮೀಟರ್ ಅಂತರದಲ್ಲಿ 12 ಕಿಲೋ ಹೇರಿದರೆ 12 ಮಿ.ಮೀ ದುಂಡು ಸರಳು 13 ಮಿ.ಮೀಯಷ್ಟು ಜೋತುಬೀಳುತ್ತದೆ, 16 ಮಿ.ಮೀ ಆದರೆ ನಾಲ್ಕು ಚಿಲ್ಲರೆ. ಆದ್ದರಿಂದ 16ಕ್ಕೆ ಕಡಿಮೆ ಬೇಡ. ಬೆನ್ನುಮೂಳೆಯನ್ನು ಮೂರು ಕಡೆ ಯು-ಬೋಲ್ಟ್‌ನಿಂದ ಸಲಾಕೆಗೆ ಬಿಗಿಯಬೇಕು, ಮುಂಗಾಲು ಹಿಂಗಾಲುಗಳನ್ನು ಸಲಾಕೆಯುದ್ದಕ್ಕೆ ಎಳೆದು ಕಟ್ಟಬೇಕು. ಒಂದು ತಾಸಾದ ಮೇಲೆ ಮಾಂಸ ಕುಗ್ಗಿ ಕಟ್ಟುಗಳು ಸಡಿಲಾಗುತ್ತವೆ. ಆಗ ನಿಲ್ಲಿಸಿ ಮತ್ತೆ ಬಿಗಿಯದಿದ್ದರೆ ಮೂರನೆಯ ತಾಸಿಗೆ ಕಾಲು ಕಳಚಿ ಕೆಂಡಕ್ಕೆ ಬೀಳುವುದು ಖಾತ್ರಿ.

ಕೆಂಡ ಮಾಂಸದ ನೇರ ಕೆಳಗಿರಬಾರದು. ಉದ್ದಕ್ಕೆ ಎರಡು ಸಾಲು, ನಡುವೆ ಖಾಲಿ, ಅಲ್ಲೊಂದು ಅಗಲ ತಟ್ಟೆ. ಕೊಬ್ಬು ತಟ್ಟೆಗೆ ಬಿದ್ದರೆ ರೊಟ್ಟಿಗೆ ಸವರಿಕೊಳ್ಳಬಹುದು, ಕೆಂಡಕ್ಕೆ ಬಿದ್ದರೆ ಭಗ್ಗೆಂದು ಉರಿ ಎದ್ದು ಮಾಂಸಕ್ಕೆ ಮಸಿ ಬಳಿಯುತ್ತದೆ. ಆಡಿನ ತೊಡೆ, ಭುಜಗಳು ಬರುವ ಸಾಲಿನ ತುದಿಗಳಲ್ಲಿ ಕೆಂಡ ಹೆಚ್ಚು, ಪಕ್ಕೆಲುಬಿನ ನಡುಭಾಗಕ್ಕೆ ಕಡಿಮೆ. ಕೋಳಿಗೆ ಎರಡೂವರೆ ಕಿಲೋ ಇದ್ದಿಲು, 10 ಕಿಲೋ ಆಡಿಗೆ 15-18 ಕಿಲೋ. ಜಾಲಿ, ಹುಣಸೆ ಇದ್ದಿಲು ಹೆಚ್ಚು ಹೊತ್ತು ನಿಗಿನಿಗಿ ಇರುತ್ತದೆ. ಬೇವು, ನೀಲಗಿರಿ ಹಾಕಿದರೆ ಹೊಗೆಯ ಕಹಿ ಮಾಂಸಕ್ಕೆ ಹತ್ತುತ್ತದೆ. ಮಾಂಸದ ಮಟ್ಟದಲ್ಲಿ ಅಂಗೈ ಹಿಡಿದರೆ ನಾಲ್ಕೈದು ಸೆಕೆಂಡ್ ತಡೆಯುವಂತಿರಬೇಕು. ಎರಡೇ ಸೆಕೆಂಡಿಗೆ ಕೈ ಎಳೆದುಕೊಂಡಿರಾದರೆ ಹೊರಗೆ ಕರಿ, ಒಳಗೆ ಹಸಿ.

ಪ್ರೋಬ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಕೋಳಿಯ ತೊಡೆಯಲ್ಲಿ 74 ಡಿಗ್ರಿ ಸೆಲ್ಸಿಯಸ್ ಬರಲೇಬೇಕು. ಆಡಿನ ಮಾಂಸ ಅದಕ್ಕಿಂತ ಮೊದಲೇ ತಿನ್ನಲು ಸುರಕ್ಷಿತವಾದರೂ ಬಲಿತ ಆಡಿನ ನಾರು ಮೆತ್ತಗಾಗಲು 85 ದಾಟಬೇಕು. ಮುಳ್ಳು ಸಲಾಕೆಗೋ ಎಲುಬಿಗೋ ತಾಗಿದರೆ ಸುಳ್ಳು ಲೆಕ್ಕ ತೋರಿಸುತ್ತದೆ.

ಮಸಾಲೆಯ ಮಾತು ಚಿಕ್ಕದು. ಕಿಲೋಗೆ 12-15 ಗ್ರಾಂ ಉಪ್ಪು ಹಿಂದಿನ ರಾತ್ರಿಯೇ ತಿಕ್ಕಿಡಿ. ಬ್ಯಾಡಗಿ ಮೆಣಸಿನಕಾಯಿಯ ಪೇಸ್ಟನ್ನು ಮೊದಲೇ ಬಳಿದರೆ ಆ ಕೆಂಪು ಬಣ್ಣವೆಲ್ಲ ಕರಕಲಾಗುತ್ತದೆ. ಕೊನೆಯ ಇಪ್ಪತ್ತು ನಿಮಿಷ ಇರುವಾಗ ಎಣ್ಣೆಯಲ್ಲಿ ಕಲಸಿ ಎರಡು ಸಲ ಸವರಿದರೆ ಬಣ್ಣವೂ ಉಳಿಯುತ್ತದೆ, ಘಮವೂ ಬರುತ್ತದೆ.

ಜಾಗದ ವಿಷಯದಲ್ಲಿ ರಿಯಾಯಿತಿ ಇಲ್ಲ. ಗದಗಿನ ಕಪ್ಪತಗುಡ್ಡ ವನ್ಯಜೀವಿಧಾಮ, ರಾಣೆಬೆನ್ನೂರಿನದು ಕೃಷ್ಣಮೃಗ ಅಭಯಾರಣ್ಯ. ಅಲ್ಲಿ ಬೆಂಕಿ ಹಾಕುವಂತಿಲ್ಲ. ಸ್ವಂತ ಹೊಲ, ಇಲ್ಲವೇ ಒಪ್ಪಿಗೆ ಕೊಟ್ಟವರ ಹೊಲ, ಅದೂ ಕಣಿಕೆ ಬಣವಿ ಹತ್ತಿರವಿಲ್ಲದ ಕಡೆ. ಮಳೆಗಾಲದ ಪಡುವಣ ಗಾಳಿಗೆ ಒಂದು ಬದಿಯ ಕೆಂಡ ಉರಿದು ಇನ್ನೊಂದು ಬದಿ ಬೂದಿಯಾಗುತ್ತದೆ. ಗಾಳಿಯ ಬದಿಗೆ 50 ಸೆಂ.ಮೀ ಎತ್ತರದ ಕಪ್ಪು ಕಬ್ಬಿಣದ ಶೀಟ್ ನಿಲ್ಲಿಸಿದರೆ ಇದ್ದಿಲೂ ಉಳಿಯುತ್ತದೆ.

ಹೊಸ ಸೆಟ್ ಬಂದ ದಿನ ಸಲಾಕೆ, ಫೋರ್ಕ್‌ಗಳನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಮಾಂಸವಿಲ್ಲದೆ ಒಂದು ತಾಸು ಕೆಂಡದ ಮೇಲಿಡಿ, ಲೇತಿನ ಎಣ್ಣೆ ಸುಟ್ಟುಹೋಗಲಿ. ಊಟ ಬಡಿಸುವಾಗ ಮಾಂಸವನ್ನು ಕಾಲು ತಾಸು ಸುಮ್ಮನಿಟ್ಟು, ಫೋರ್ಕಿನ ಸ್ಕ್ರೂ ಬಿಸಿಯಿರುವಾಗಲೇ ಸಡಿಲಿಸಿ. ಕೊಬ್ಬು ಹೆಪ್ಪುಗಟ್ಟಿದ ಮೇಲೆ ಅದನ್ನು ಬಿಚ್ಚಲು ಪಾನಾ, ಸುತ್ತಿಗೆ ಎರಡೂ ಬೇಕಾಗುತ್ತವೆ.