ಕಂಬಳದ ಕರೆಯ ಅಂಚಿನಲ್ಲಿ ನಿಕಾನ್ ಡಿ500

2016ರ ಜನವರಿಯಲ್ಲಿ ಪ್ರಕಟವಾಗಿ 2022ರಲ್ಲಿ ತಯಾರಿಕೆ ನಿಂತ ನಿಕಾನ್ ಡಿ500 ಕ್ಯಾಮೆರಾ ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಆಗಿಯೇ ಸಿಗುತ್ತದೆ. 153 ಫೋಕಸ್ ಬಿಂದುಗಳು, ಸೆಕೆಂಡಿಗೆ 10 ಚಿತ್ರಗಳು ಎಂಬ ಅಂಕಿಗಳು ಎಲ್ಲ ಜಾಹೀರಾತುಗಳಲ್ಲೂ ಇದ್ದವು. ಆದರೆ ಒಂದಿಡೀ ಕಂಬಳದ ಋತುವಿನಲ್ಲಿ ಇದನ್ನು ಬಳಸಿದ ಮೇಲೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು, ಒಮ್ಮೆ ಹಿಡಿದ ಗುರಿಗೆ ಕ್ಯಾಮೆರಾ ಎಷ್ಟು ಹಟದಿಂದ ಅಂಟಿಕೊಂಡಿರಬೇಕೆಂಬುದನ್ನು ನಾವೇ ನಿರ್ಧರಿಸುವ ಸೌಲಭ್ಯ.

ಓಟ ಮುಗಿಯುವ ಜಾಗವಾದ ಮಂಜೊಟ್ಟಿಯ ಪಕ್ಕದಲ್ಲಿ ನಿಂತವನತ್ತ ಕೋಣಗಳು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ನುಗ್ಗಿ ಬರುತ್ತವೆ, ಎಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಒಂದು ಮೀಟರ್ ಹತ್ತಿರವಾಗಿರುತ್ತವೆ. 200-500 ಎಂಎಂ ಲೆನ್ಸನ್ನು 500ರಲ್ಲಿ, ಎಫ್/5.6 ಅಪರ್ಚರಿನಲ್ಲಿ (ಬೆಳಕು ಒಳಬರುವ ಕಂಡಿಯ ಅಳತೆ) ಇಟ್ಟಾಗ 20 ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಒಂದು ಮೊಳಕ್ಕೂ ಕಡಿಮೆ. ಹಾಗಾಗಿ ಕ್ಯಾಮೆರಾ ಕೋಣ ಇರುವಲ್ಲಿಗಲ್ಲ, ಮುಂದೆ ತಲುಪಲಿರುವಲ್ಲಿಗೆ ಫೋಕಸ್ ಮಾಡಬೇಕು. ಚಲಿಸುವ ಗುರಿಗೆ ಬಿಡದೆ ಫೋಕಸ್ ಮಾಡುತ್ತಿರುವ ಎಎಫ್-ಸಿ ಕ್ರಮ ಈ ಲೆಕ್ಕ ಹಾಕುವುದೇನೋ ನಿಜ, ಆದರೆ ಅದಕ್ಕೆ ಗುರಿಯ ಚಲನೆ ಮೊದಲೇ ತಿಳಿದಿರಬೇಕಾದ್ದರಿಂದ, ಜೋಡಿ ಓಟ ಶುರುವಾಗುವ ಗಂತನ್ನು ಬಿಟ್ಟ ಕೂಡಲೇ ಹೆಬ್ಬೆರಳಿನಿಂದ ಫೋಕಸ್ ಆರಂಭಿಸುವ ಎಎಫ್-ಆನ್ ಗುಂಡಿಯನ್ನು ಒತ್ತಿ ಹಿಡಿದು, ಶಟರನ್ನು ಕೊನೆಯ ಹಂತಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು.

ಮೊದಲ ದಿನ, ಫೋಕಸ್ ಬಿಂದುವನ್ನು ಕ್ಯಾಮೆರಾವೇ ಬದಲಿಸುತ್ತ ಗುರಿಯನ್ನು ಹಿಂಬಾಲಿಸುವ 3ಡಿ ಟ್ರ್ಯಾಕಿಂಗ್ ನಂಬಿ ಕೆಟ್ಟೆ. ಅದು ಬಣ್ಣವನ್ನು ಅನುಸರಿಸುತ್ತದೆ. ಕೆಸರಿನ ಕರೆಯಲ್ಲಿ (ಓಟದ ಗದ್ದೆಯಲ್ಲಿ) ಕಪ್ಪು ಕೋಣದ ಬಣ್ಣವನ್ನು ಬೇರ್ಪಡಿಸುವುದು ಸುಲಭವಲ್ಲ. ಆಮೇಲೆ, ನಾವು ಆರಿಸಿದ ಬಿಂದುವಿನಿಂದ ಗುರಿ ಜಾರಿದರೆ ಸುತ್ತಲಿನವು ನೆರವಾಗುವ 25 ಬಿಂದುಗಳ ಡೈನಾಮಿಕ್ ಕ್ರಮಕ್ಕೆ ಬದಲಿಸಿ, ಒದ್ದೆ ಮೈಯ ಬದಲು ನೊಗವನ್ನೋ ಹಣೆಯ ಪಟ್ಟಿಯನ್ನೋ ಗುರಿಯಾಗಿಸಿದಾಗ ಫಲಿತಾಂಶ ಸುಧಾರಿಸಿತು. ಓಡಿಸುವವನು ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ ಕನೆಹಲಗೆಯ ಓಟದಲ್ಲಿ ನಿಶಾನೆಯೆತ್ತರಕ್ಕೆ (ನೀರು ಮುಟ್ಟಬೇಕಾದ ಗುರುತಿನ ಎತ್ತರಕ್ಕೆ) ಚಿಮ್ಮುವ ನೀರಿನ ಪರದೆಯೇ ಅಡ್ಡಬರುವುದರಿಂದ, ಬ್ಲಾಕ್ಡ್ ಶಾಟ್ ರೆಸ್ಪಾನ್ಸನ್ನು (ಗುರಿಗೆ ಏನಾದರೂ ಅಡ್ಡ ಬಂದಾಗ ಫೋಕಸ್ ಬದಲಿಸುವ ಮುನ್ನ ಕ್ಯಾಮೆರಾ ಎಷ್ಟು ಕಾಯಬೇಕೆಂಬ, 1ರಿಂದ 5ರವರೆಗಿನ ಆಯ್ಕೆ) 3ರಿಂದ 5ಕ್ಕೆ ಏರಿಸಿದೆ. ಫೋಕಸ್ ಹನಿಗಳತ್ತ ಹಾರುವುದು ಬಹಳ ಕಡಿಮೆಯಾಯಿತು. ಇದೇ 5, ಭದ್ರಾ ಜಲಾಶಯದ ಮೇಲೆ ಥಟ್ಟನೆ ತಿರುಗುವ ನದಿ ರೀವ (ರಿವರ್ ಟರ್ನ್) ಹಕ್ಕಿಗಳಿಗೆ ಹೊಂದದು. ಅಲ್ಲಿ 2 ಸಾಕು. ಈ ಸಂಖ್ಯೆಗಳನ್ನು ಯಾರೋ ಹೇಳಿದರೆಂದು ಕುರುಡಾಗಿ ಅನುಸರಿಸುವವರನ್ನು ಕಂಡಾಗ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ.

ಲೆನ್ಸಿನ ತೂಕ 2.3 ಕಿಲೋಗ್ರಾಂ, ಮೊನೊಪಾಡ್ (ಒಂಟಿ ಕಾಲಿನ ಆಸರೆ) ಇಲ್ಲದೆ ದಿನವಿಡೀ ಹಿಡಿಯುವುದು ಕಷ್ಟ. ಫೋಕಸ್ ಮಿತಿಯ ಸ್ವಿಚ್ಚನ್ನು 6 ಮೀಟರಿನಿಂದ ಅನಂತದವರೆಗಿನ ಸ್ಥಾನಕ್ಕೆ ತಿರುಗಿಸಿಟ್ಟರೆ ಲೆನ್ಸ್ ಹತ್ತಿರದಲ್ಲೆಲ್ಲ ಹುಡುಕಾಡುತ್ತ ಹೊತ್ತು ಕಳೆಯುವುದಿಲ್ಲ. ಓಟ ರಾತ್ರಿಗೆ ಮುಂದುವರಿದು ದೀಪಗಳು ಹೊತ್ತಿದ ಮೇಲೆ ಎಫ್/5.6 ಸಾಲದು. ಕತ್ತಲಲ್ಲೂ ಫೋಕಸ್ ಹಿಡಿಯುವ ಶಕ್ತಿ ಡಿ500ಗೆ ಇದ್ದರೂ, 1/1000 ಸೆಕೆಂಡಿಗೆ ಬೇಕಾದಷ್ಟು ಬೆಳಕು ಬರುವುದಿಲ್ಲವಾದ್ದರಿಂದ, ಎರಡು ಸ್ಟಾಪ್ ಹೆಚ್ಚು, ಎಂದರೆ ನಾಲ್ಕು ಪಟ್ಟು ಬೆಳಕು ಕೊಡುವ 70-200 ಎಫ್/2.8 ಲೆನ್ಸನ್ನು ಹಾಕಿಕೊಂಡು, ದೂರದ ಗಂತಿನ ಆಸೆ ಬಿಟ್ಟು, ಮಂಜೊಟ್ಟಿಯನ್ನೇ ಕಾಯುತ್ತೇನೆ.