ಸುರುಳಿಗೆ ಪೂರ್ತಿ ಅಂಕ, ನೆತ್ತಿಗೆ ಸೊನ್ನೆ

ರಾತ್ರಿ ಸುತ್ತಿಕೊಂಡು ಮಲಗಿದರೆ ಬಿಸಿಯಿಲ್ಲದೆ ಕೂದಲನ್ನು ಸುರುಳಿ ಮಾಡುವ ಸ್ಯಾಟಿನ್ ಪಟ್ಟಿಯನ್ನು ಕೊಂಡು ವರ್ಷ ದಾಟಿದೆ. ಬೆಲೆ 300 ರೂಪಾಯಿಯೊಳಗೆ. ಬಣ್ಣ, ಅಳತೆ, ಒಳಗಿನ ಸ್ಪಂಜು ಎಲ್ಲವನ್ನೂ ನೀವು ಆನ್‌ಲೈನ್‌ನಲ್ಲಿ ನೋಡಿಯೇ ಇರುತ್ತೀರಿ. ನನ್ನ ತಕರಾರು ಅದರ ಜೊತೆಗೆ ಬರುವ ಕ್ಲಿಪ್ಪಿನ ಮೇಲೆ. ಆದರೂ ಮೊದಲು ಹೊಗಳಿಬಿಡುತ್ತೇನೆ.

ನನ್ನ ಕೂದಲು ಸೊಂಟ ಮುಟ್ಟುತ್ತದೆ. ಕರೆಂಟಿನ ಕರ್ಲಿಂಗ್ ರಾಡ್ ಹಿಡಿದು ಇಷ್ಟನ್ನೂ ಸುತ್ತುವಷ್ಟರಲ್ಲಿ ತೋಳು ಸೋಲುತ್ತದೆ. 200 ಡಿಗ್ರಿಯ ಆಸುಪಾಸಿನ ಕಾವಿಗೆ ತುದಿ ಸೀಳುವುದು ಬೇರೆ. ದಾವಣಗೆರೆಯ ಏಪ್ರಿಲ್‌ನಲ್ಲಿ ಅಂಥ ಕೆಂಡವನ್ನು ಕಿವಿಯ ಪಕ್ಕ ಹಿಡಿಯಲು ಯಾರಿಗೆ ಮನಸ್ಸು ಬರುತ್ತದೆ?

ಶನಿವಾರ ಸಂಜೆ ತಲೆಸ್ನಾನ. ಮನೆಯ ಬೋರ್‌ವೆಲ್ ನೀರು ಗಡಸು. ಅದೊಂದರಲ್ಲೇ ತೊಳೆದರೆ ಕೂದಲು ತೆಂಗಿನ ನಾರಾಗುತ್ತದೆ. ಹಾಗಾಗಿ ಭದ್ರಾ ಕಾಲುವೆಯಿಂದ ಕುಂದವಾಡ ಕೆರೆಗೆ ಬಂದು ನಲ್ಲಿಗಿಳಿಯುವ ನೀರನ್ನು ಹಿಡಿದಿಟ್ಟು, ಕೊನೆಯ ಚೊಂಬುಗಳನ್ನು ಅದರಿಂದಲೇ ಸುರಿದುಕೊಳ್ಳುತ್ತೇನೆ. ಫ್ಯಾನಿನ ಕೆಳಗೆ ಮುಕ್ಕಾಲು ಪಾಲು ಆರಬೇಕು. ಎಣ್ಣೆ ತುದಿಗೆ ಮಾತ್ರ, ಅದೂ ಒಂದು ಹನಿ. ಹೆಚ್ಚಾದರೆ ಭಾರಕ್ಕೆ ಸುರುಳಿ ಇಳಿದುಬಿಡುತ್ತದೆ. ಬೈತಲೆ ತೆಗೆದು, ಪಟ್ಟಿಯನ್ನು ನೆತ್ತಿಯ ಮೇಲೆ ಅಡ್ಡಲಾಗಿಟ್ಟು, ಮುಖದಿಂದ ಹಿಂದಕ್ಕೆ ಸುತ್ತುತ್ತಾ ಪ್ರತಿ ಸುತ್ತಿಗೂ ಒಂದಿಷ್ಟು ಹೊಸ ಕೂದಲನ್ನು ಸೇರಿಸುತ್ತಾ ಹೋಗಬೇಕು. ಎಡಬದಿ ಅಜ್ಜಿಯ ಪಾಲು. “ಎರಡು ಜಡೆ ಹೆಣೆದುಕೊಂಡು ಮಲಗಿದ್ದರೆ ಇದೇ ಆಗುತ್ತಿತ್ತು, ಇದಕ್ಕೂ ದುಡ್ಡು ಕೊಟ್ಟೆಯಲ್ಲೇ” ಎಂದು ಪ್ರತಿ ವಾರ ಗೊಣಗುತ್ತಾರೆ, ಆದರೆ ನನಗಿಂತ ನೀಟಾಗಿ ಸುತ್ತುತ್ತಾರೆ. ಜಡೆಯಿಂದ ಬರುವುದು ಮೂಲೆಮುರುಕು ಅಲೆ. ಪಟ್ಟಿಯಿಂದ ದುಂಡನೆಯ, ಮೆತ್ತನೆಯ ಸುರುಳಿ.

ಒದ್ದೆ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನಲ್ಲಿ ಹೈಡ್ರೋಜನ್ ಬಂಧಗಳು ಬಿಚ್ಚಿಕೊಂಡು, ಒಣಗುವಾಗ ಯಾವ ಆಕಾರದಲ್ಲಿರುತ್ತವೋ ಅದರಲ್ಲೇ ಮತ್ತೆ ಕಟ್ಟಿಕೊಳ್ಳುತ್ತವೆ. ಬೆಳಿಗ್ಗೆ ಒಳಸುತ್ತು ತಣ್ಣಗಿದ್ದರೆ ಇನ್ನೂ ಆರಿಲ್ಲವೆಂದೇ ಅರ್ಥ, ಬಿಚ್ಚಬೇಡಿ. ನಮ್ಮ ಒಣ ಬೇಸಿಗೆಯಲ್ಲಿ ಸುರುಳಿ ಸಂಜೆಯವರೆಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಬಸ್ಸು ಹರಿಹರ ತಲುಪುವುದರೊಳಗೆ ಅರ್ಧ ಸಡಿಲ.

ಇನ್ನು ಆ ಕ್ಲಿಪ್. ಪಟ್ಟಿ ಜಾರದಿರಲೆಂದು ನೆತ್ತಿಯಲ್ಲಿ ಕಚ್ಚಿಸಬೇಕು. ಅದು ರಾತ್ರಿಯಿಡೀ ಕೂದಲಿನ ಬುಡವನ್ನು ತಲೆಗೆ ಒತ್ತಿ ಹಿಡಿದಿರುತ್ತದೆ, ಮಗ್ಗುಲು ಬದಲಿಸಿದಾಗೆಲ್ಲ ಜಗ್ಗುತ್ತದೆ. ಬೆಳಿಗ್ಗೆ ಎದ್ದರೆ ಕಿವಿಯ ಕೆಳಗೆ ಮದುವೆಮನೆಯ ಅಲಂಕಾರ, ಮೇಲೆ ಎಣ್ಣೆ ಹಚ್ಚಿ ಬಾಚಿದಷ್ಟು ಚಪ್ಪಟೆ! ಡಬ್ಬಿಯ ಮೇಲೆ ಮಾತ್ರ ದಟ್ಟ, ಉಬ್ಬಿದ ಕೂದಲಿನ ಭರವಸೆ. ಉಬ್ಬು ಬರಬೇಕಾದದ್ದು ಬುಡದಲ್ಲಿ, ಅದನ್ನೇ ಈ ಕ್ಲಿಪ್ ಅದುಮಿಡುತ್ತದೆ.

ಅದಕ್ಕೆಂದು ಬಳೆ ಅಂಗಡಿಯಿಂದ ದಪ್ಪ ವೆಲ್ಕ್ರೋ ರೋಲರ್‌ಗಳನ್ನು ಬೇರೆಯಾಗಿ ತಂದೆ. ನೆತ್ತಿಯ ಕೂದಲನ್ನು ನೆಟ್ಟಗೆ ಮೇಲಕ್ಕೆತ್ತಿ, ಬುಡಕ್ಕೆ ತುಸು ನೀರು ಚಿಮುಕಿಸಿ ಸುತ್ತಿದರೆ, ಒಗ್ಗರಣೆ ಮಂಡಕ್ಕಿ ತಿಂದು ಚಹಾ ಮುಗಿಸುವಷ್ಟರಲ್ಲಿ ಒಣಗಿರುತ್ತದೆ. ಬೈತಲೆಯನ್ನು ಎದುರು ಬದಿಗೆ ತಿರುಗಿಸಿದರೆ ಇನ್ನಷ್ಟು ಎದ್ದು ನಿಲ್ಲುತ್ತದೆ. ಆಮೇಲೆ ಬೆರಳಾಡಿಸಿದರೆ ಸಾಕು. ಹಣಿಗೆ ಮುಟ್ಟಿಸಿದರೆ ರಾತ್ರಿಯ ಕಷ್ಟವೆಲ್ಲ ಗುಂಗುರಾಗಿ ಕೆದರುತ್ತದೆ.

ಸ್ಪ್ರಿಂಗ್ ಮುರಿದಾಗ ಕ್ಲಿಪ್ ಒಂದೇ ಕೊಡಿ ಎಂದು ಮಾರಾಟಗಾರರಿಗೆ ಬರೆದೆ. ಪೂರ್ತಿ ಸೆಟ್ಟನ್ನೇ ಕೊಳ್ಳಬೇಕು ಎಂದು ಉತ್ತರ ಬಂತು. ಸದ್ಯಕ್ಕೆ ಐದರಲ್ಲಿ ಮೂರು ನಕ್ಷತ್ರ. ಕ್ಲಿಪ್ಪನ್ನು ಬಿಡಿಯಾಗಿ ಮಾರಲು ಶುರುಮಾಡಿದರೆ ನಾಲ್ಕನೆಯದನ್ನೂ ಹಾಕುತ್ತೇನೆ.